ಮೂರೆಳಿ ಸೂರು

ಗೀಗೀ ಮೇಳ ಸೇರಬೇಕಂತ ಹುಡುಗ್ಯಾರು ನನ್ನ ಮನಿಗೆ ಬರ್ತಾರ. ಬಂದು ಕುಂದ್ರೂದ ತಡ, ಎಲ್ಲಾರದೂ ಒಂದೇ ಮಾತು: "ಆಯೀ, ನಾ ಮುಂದ ನಿಂತು ಹಾಡೂದು ಯಾವಾಗರಿ?" ನನಗ ಸಿಟ್ಟೂ ಬರ್ತೈತಿ, ನಗೂನೂ ಬರ್ತೈತಿ. ಅಲ್ಲವಾ, ನಾ ಇಡೀ ಆಯುಷ್ಯ ಹಿಂದ ನಿಂತು ಹಾಡಿದಾಕಿ! ಮುಂದ ನಿಲ್ಲೂ ಹಾದಿ ನನ್ನ ಕೇಳಿದ್ರ ಎಲ್ಲಿಂದ ಹೇಳ್ಲಿ? ಆದರ ಹಿಂದ ನಿಲ್ಲೂದರಾಗ ಎಂಥಾ ಮಜಾ ಐತಿ ಅನ್ನೂದು ಬೇಕಂದ್ರ ಕುಂದ್ರರಿ, ಹೇಳ್ತೇನಿ. ಈಗ ನೆನಸಿಕೊಂಡ್ರೂ ಮೈ ಜುಮ್ಮ ಅಂತೈತಿ.

ಗೊತ್ತಿಲ್ಲದವರಿಗೆ ಮೊದಲ ಇಷ್ಟು ಹೇಳಿಬಿಡ್ತೇನಿ. ಗೀಗೀ ಮೇಳದಾಗ ಮೂರ ಮಂದಿ. ಮುಂದಿನಾಕಿ ಕೈಯಾಗ ಚರ್ಮದ ದಪ್ಪು ಹಿಡಕೊಂಡು ಬಾರಸ್ಕೋತ ಪದ ಹೇಳ್ತಾಳ. ಹಿಂದ ಒಬ್ಬಾಕಿ ಒಂಟಿ ತಂತಿಯ ತುಂತುಣಿ ಮೀಟ್ತಾಳ, ಇನ್ನೊಬ್ಬಾಕಿ ತಾಳ ಹಾಕ್ತಾಳ. ಮುಂದಿನಾಕಿ ಒಂದು ನುಡಿ ಮುಗಿಸಿದ ಕೂಡಲೇ ಹಿಂದಿನ ಇಬ್ಬರೂ "ಗೀಯ ಗಾ ಗೀಯ ಗಾ" ಅಂತ ಎತ್ತಿ ಹಾಡ್ತಾರ. ಇದಕ್ಕ ಸೂರು ಹಿಡಿಯೂದು ಅಂತಾರ. ನಾ ತುಂತುಣಿ ನೀಲವ್ವ. ತಾಳದಾಕಿ ಕಾಶೀಬಾಯಿ. ಮುಂದ ಶಾಂತಕ್ಕ.

ಶಾಂತಕ್ಕನ ದನಿ ಕೇಳಿದವರು ಈಗ ಊರಿಗೆ ಒಬ್ಬರೋ ಇಬ್ಬರೋ ಉಳಿದಿರಬೇಕು. ಎಪ್ಪತ್ತರ ದಶಕದ ಮೊದಲನೇ ವರ್ಷಗಳು ಅವು. ಬಾಗೇವಾಡಿ ಸಂತಿಯೊಳಗ ಈ ತುದಿಗೆ ನಿಂತು ಆಕಿ ದನಿ ತಗದ್ಲಂದ್ರ ಆ ತುದಿಗೆ ಮೆಣಸಿನಕಾಯಿ ಮಾರೂ ಹೆಣಮಗಳು ತಕ್ಕಡಿ ಕೆಳಗಿಟ್ಟು ಇತ್ತಾಗ ತಿರಗತಿದ್ಲು. ಎತ್ತರ ಅಂದ್ರ ಎತ್ತರ! ನಾನೂ ಕಾಶೀನೂ ಆಕಿ ಬೆನ್ನ ಹತ್ತಿ ಏರೂದರಾಗ ಕೊಳ್ಳಾಗಿನ ನರ ಹುರಿಗಟ್ಟತಿದ್ದೂ.

ನಮ್ಮ ಮೇಳ ಕಟ್ಟಿದವರು ನಿಂಗಪ್ಪ ಮಾಸ್ತರು. ಸಾಲಿ ಮಾಸ್ತರಲ್ಲ, ಪದದ ಮಾಸ್ತರು. ಪದ ಕಟ್ಟವರೂ ಅವರ, ಕಲಸವರೂ ಅವರ, ಬೈಯವರೂ ಅವರ. ಬೆಳ್ಳಗ ಇಸ್ತ್ರಿ ಮಾಡಿದ ಧೋತರ, ತಲಿಮ್ಯಾಲ ಗಾಂಧಿ ಟೋಪಿಗಿ, ಬಾಯಾಗ ಎಲಿ ಅಡಿಕಿ. ಅವರದೊಂದು ಕಾಯದೆ ಇತ್ತು: "ಮೇಳಂದ್ರ ಒಂದೇ ಬಾಯಿ." ಮೂರು ಮಂದಿ ಹಾಡಿದ್ರೂ ಕೇಳವರಿಗೆ ಒಬ್ಬಾಕಿ ಹಾಡಿಧಂಗ ಆಗಬೇಕು. ಒಂದು ಕೂದಲಿನಷ್ಟು ಆಚೆ ಈಚೆ ಆತಂದ್ರ ಪದ ಮುಗಿಯೂಮಟ ಸುಮ್ಮನಿದ್ದು, ಮುಗಿದ ಮ್ಯಾಲ ಮಂದಿ ಎದುರ ಬೈತಿದ್ರು.

ನಾ ಸೇರಿದ ಹೊಸದಾಗಿ ಇಂಗಳೇಶ್ವರದಾಗ ಒಂದು ಫಜೀತಿ ಆತು. ಶಾಂತಕ್ಕ ನಡುವ ಕೆಮ್ಮಾಕ ಅಂತ ತಡದ್ಲು. ನಾ ನುಡಿ ಮುಗೀತಂತ ತಿಳಕೊಂಡು ಜೋರಾಗಿ "ಗೀಯ ಗಾ" ಅಂದುಬಿಟ್ಟೆ. ಆಕಿ ಕೆಮ್ಮತಾಳ, ನಾ ಗೀಯ ಗಾ! ಆಕಿ ಮತ್ತ ಕೆಮ್ಮತಾಳ, ನಾ ಮತ್ತ ಗೀಯ ಗಾ! ಕಟ್ಟಿಮ್ಯಾಲ ಕುಂತ ಮುದುಕರು ಹೊಟ್ಟಿ ಹಿಡಕೊಂಡು ನಕ್ಕರು. "ಕೆಮ್ಮಿಗೂ ಸೂರು ಹಿಡಿತಾಳಲ್ಲೋ ಈಕಿ!" ಅಂತ ಒಬ್ಬ ಚೀರಿದ. ಮಾಸ್ತರು ಬೈಯಾಕಂತ ಬಾಯಿ ತಗದವರು ತಾವೂ ನಕ್ಕುಬಿಟ್ಟರು. ಹುಡುಗ್ಯಾರಾ, ಅವತ್ತು ನಾ ಕಲ್ತದ್ದು ಏನಂದ್ರ, ಸೂರು ಹಿಡಿಯಾಕಿ ಮುಂದಿನಾಕಿ ಬಾಯಿ ನೋಡಬಾರದು, ಬೆನ್ನ ನೋಡಬೇಕು. ಉಸರು ತಗೊಂಡ್ರ ಬೆನ್ನ ಏರತೈತಿ, ನುಡಿ ಮುಗದ್ರ ಇಳಿತೈತಿ.

ಇನ್ನೊಂದು ಕೆಲಸ ದಪ್ಪು ಕಾಸೂದು. ದಪ್ಪಿನ ಚರ್ಮ ತಣ್ಣಗಾದ್ರ ಸಡಲಾಗತೈತಿ, ದನಿ ಕೆಳಗಿಳಿತೈತಿ. ಅದಕ ಹಾಡೂ ಮೊದಲ ಒಂದು ಹಿಡಿ ಹುಲ್ಲು ಉರಿಹಚ್ಚಿ ಅದರ ಮ್ಯಾಲ ದಪ್ಪು ಆಡಸಬೇಕು. ಚರ್ಮ ಬಿಗದು ಟಣ್ ಅಂದಕೂಡಲೇ ಶಾಂತಕ್ಕ ಅದಕ್ಕ ದನಿ ಕೂಡಸ್ತಿದ್ಲು, ನಾ ತುಂತುಣಿ ಬಿರಡಿ ತಿರವಿ ತಂತಿ ಅದರ ಸರಿಗೆ ತರ್ತಿದ್ದೆ. ದಪ್ಪು ಏರಿದಷ್ಟು ಮೇಳದ ಮರ್ಯಾದಿ ಏರಿತು ಅಂತ ಲೆಕ್ಕ. ಎದುರಿನ ಮೇಳದವರು ಕಾಸಿದ್ರ ನಾವು ಇನ್ನಷ್ಟು ಕಾಸೂದು, ಅವರು ಮತ್ತ ಕಾಸೂದು. ಒಮ್ಮೆ ಕಾಶಿ ಹುರುಪಿನೊಳಗ ಎಷ್ಟು ಕಾಸಿದ್ಲಂದ್ರ ಚರ್ಮ ಪಟ್ ಅಂತ ಹರದು ಶಾಂತಕ್ಕನ ಕೈ ಆರಪಾರ ಹೋತು.

ಮುಂದ ಮೈಕು ಬಂತು. ಬ್ಯಾಟರಿ ಮ್ಯಾಲ ನಡಿಯೂ ಸೆಟ್ಟು, ದನಿ ದೂರ ಒಗಿಯಾಕ ಗಿಡಕ್ಕ ಕಟ್ಟಿದ ಕಹಳಿಯಂಥಾ ಕರ್ಣಿ, ಮೂವರಿಗೂ ಸೇರಿ ಹಾಡಾಕ ಒಂದು ಡಬ್ಬಿ. ಬಾಗೇವಾಡಿಯೊಳಗ ಮೊದಲನೇ ಸಲ ಹಾಡಿದಾಗ ನನ್ನ ದನಿ ನನಗ ಗಿಡದ ಮ್ಯಾಲಿಂದ ಕೇಳಿ ಬಂತು, ನಾ ಗಾಬರಿಯಾಗಿ ಹಾಡೂದು ಬಿಟ್ಟು ಮ್ಯಾಲ ನೋಡಿದೆ! ಆಮ್ಯಾಲ ಮೈಕಿನವನು ಒಂದು ಮಾತು ಅಂದ: "ಅಕ್ಕಾರ, ನೀವು ಮೂವರು ಹಾಡಿದ್ರೂ ಡಬ್ಬಿಯೊಳಗ ಒಬ್ಬರದ ಕೇಳ್ತೈತ್ರಿ. ಇಬ್ಬರು ಕುಂತ್ರೂ ನಡಿತೈತಿ." ಮಾಸ್ತರಿಗೆ ಹಿಗ್ಗೋ ಹಿಗ್ಗು. ಅವರ ಕಾಯದೆ ಮೈಕಿನವನ ಬಾಯಾಗ ಬಂದಿತ್ತು. ನನಗ ಮಾತ್ರ ಕಸಿವಿಸಿ ಆತು. ಮೂವರು ಹಾಡಿ ಒಬ್ಬರದ ಕೇಳೂದಾದ್ರ ಉಳಿದ ಇಬ್ಬರು ಯಾಕ ಬೇಕು?

ಅದೇ ವರ್ಷ ಶಾಂತಕ್ಕಗ ವಿಷಮಜ್ವರ ಬಂತು. ಜ್ವರೇನೋ ಇಳೀತು, ಆದರ ಇಳಿಯೂವಾಗ ಆಕಿ ದನೀನೂ ತನ್ನ ಜೋಡಿ ಇಳಿಸಿತು. ಮೊದಲಿನ ಎತ್ತರ ಹೋತು. ಕೆಳಗ ಬ್ಯಾರೇನ ಒಂದು ದನಿ ಬಂದಿತ್ತು, ದಪ್ಪಂದು, ತುಂಬಿದ ಗಡಿಗಿ ಬಾರಿಸಿಧಂಗ. ನನಗ ಅದು ಭಾಳ ಸೇರತಿತ್ತು. ಆಕಿಗೆ ಮಾತ್ರ ಅದು ತನ್ನ ದನೀನ ಅಲ್ಲ ಅನ್ನಸ್ತಿತ್ತು. ನಾಲತವಾಡದಾಗ ಹಾಡಾಕ ನಿಂತ್ಲು. ಮಾಸ್ತರು ರೂಢಿ ಪ್ರಕಾರ ದಪ್ಪು ಕಾಸಿ ಕೊಟ್ರು. ಮೂರನೇ ನುಡಿಗೆ ದನಿ ಒಡೀತು. ನಾವಿಬ್ಬರೂ ಸೂರು ಎತ್ತಿ ಮುಚ್ಚಿದ್ವಿ. ಐದನೇದಕ್ಕ ಮತ್ತ ಒಡೀತು. ಮಂದಿ ನಗಲಿಲ್ಲ, ಅಯ್ಯೋ ಪಾಪ ಅಂದ್ರು. ನಕ್ಕಿದ್ರ ಛಲೋ ಇತ್ತು.

ವಾಪಸ್ ಬರೂ ಬಸ್ಸಿನ್ಯಾಗ ಮಾಸ್ತರು ನನ್ನ ಪಕ್ಕದಾಗ ಬಂದು ಕುಂತ್ರು.

"ನೀಲವ್ವ, ಮುಂದಿನ ಪದ ಎಲ್ಲಾ ನಿನಗ ಬಾಯಿಪಾಠ ಅದಾವಲ್ಲ?"

"ಅದಾವ್ರಿ. ಯಾಕ್ರಿ?"

"ದಪ್ಪು ಹಿಡಿಯೂದು ರೂಢಿ ಮಾಡ್ಕೊ. ಶಾಂತಾ ಇನ್ನ ಮನಿಯಾಗ ಆರಾಮ ಇರ್ಲಿ."

ಶಾಂತಕ್ಕ ಗಂಡ ಸತ್ತಾಕಿ, ಅಣ್ಣನ ಮನಿಯಾಗ ಇರತಿದ್ಲು. ಅಲ್ಲಿ ಆಕಿಗೆ ಒಲಿ ಮುಂದಿನ ಜಾಗಾ ಬಿಟ್ರ ಮತ್ತೊಂದಿರಲಿಲ್ಲ. ಮೇಳದಾಗ ಆಕಿ ಶಾಂತವ್ವ, ಮನಿಯಾಗ ಬರೇ ರೊಟ್ಟಿ ಬಡಿಯಾಕಿ. ಮುಂದಿನ ಸೀಟಿನ್ಯಾಗ ಕುಂತಿದ್ಲು, ಕಿಡಕಿಗೆ ತಲಿ ಹಚ್ಚಿ. ಕೇಳ್ಯಾಳೋ ಇಲ್ಲೋ ಅಂತ ನಾ ನೋಡಾಕತ್ತಿದ್ದೆ. ಇಳಿಯೂವಾಗ ನನ್ನ ಕೈ ಹಿಡದು ಅಂದ್ಲು, "ಹಾಡದಿದ್ರ ನಾ ಏನು ಮಾಡ್ಲಿ ನೀಲಾ?" ನನ್ನ ಕಣ್ಣಾಗ ತಟಕ್ಕನ ನೀರು ಬಂತು. "ನಾ ದಪ್ಪು ಮುಟ್ಟಂಗಿಲ್ಲ" ಅಂದೆ. ಅಂದು ಬಿಟ್ಟೆ ಖರೆ, ಮುಂದ ಏನು ಅನ್ನೂದು ನನಗೂ ಗೊತ್ತಿರಲಿಲ್ಲ.

ಒಪ್ಪಕೊಂಡ ವೀಳ್ಯ ಇನ್ನೂ ನಾಕ ಊರಿಂದು ಇದ್ದೂ: ನಿಡಗುಂದಿ, ಮುದ್ದೇಬಿಹಾಳ, ಸಿಂದಗಿ, ಇಂಡಿ. ನಾ ಹಟ ಹಿಡಿದದ್ದಕ್ಕ ಮಾಸ್ತರು ಸಿಂದಗಿಮಟ ಶಾಂತಕ್ಕನ್ನ ಇಟಗೋತೇನಿ ಅಂದ್ರು. "ಅಲ್ಲಿ ದನಿ ಏರಲಿಲ್ಲಂದ್ರ ಇಂಡಿಯೊಳಗ ನೀ ಮುಂದ. ಇದರ ಮ್ಯಾಲ ಮಾತಿಲ್ಲ."

ನಿಡಗುಂದಿಯೊಳಗ ಆವಾಗ ಆಲಮಟ್ಟಿ ಡ್ಯಾಮಿನ ಕೆಲಸಕ್ಕ ಬಂದ ಕೂಲಿಮಂದಿ ತುಂಬಿದ್ರು. ತೆಲುಗರು, ತಮಿಳರು, ಇನ್ನೂ ಎಲ್ಲೆಲ್ಲಿಯವರೋ. ಮಧ್ಯಾಹ್ನ ನಾವು ಹಾಡಾಕ ನಿಂತಾಗ ಜಿಟಿಜಿಟಿ ಮಳಿ ಹತ್ತಿತು. ತಗಡಿನ ಶೆಡ್ಡಿನ್ಯಾಗ ಸೇರ್ಕೊಂಡ್ವಿ. ಹುಲ್ಲು ಹಸಿ, ಉರಿ ಹತ್ತವಲ್ದು, ದಪ್ಪು ಕಾಸೂದು ಎಲ್ಲಿಂದ? ಚರ್ಮ ಜೋತು ಗುಂ ಗುಂ ಅನ್ನಾಕತ್ತಿತ್ತು. ಶಾಂತಕ್ಕ ಆ ಗುಂ ಅನ್ನೂದಕ್ಕ ದನಿ ಕೂಡಿಸಿ ಕೆಳಗ ಹಿಡದ್ಲು. ನಾ ತುಂತುಣಿ ಇಳಿಸಾಕಂತ ಬಿರಡಿ ತಿರವತೇನಿ, ಅದು ಮಳಿ ಗಾಳಿಗೆ ಉಬ್ಬಿ ಗಟ್ಟಿ ಕುಂತೈತಿ, ಜಪ್ಪಯ್ಯ ಅಂದ್ರೂ ತಿರಗವಲ್ದು! ತಂತಿ ಮೊದಲಿನ ಎತ್ತರದಾಗ ಉಳೀತು. ನುಡಿ ಮುಗೀತು, ಸೂರು ಎತ್ತಬೇಕು. ಶಾಂತಕ್ಕ ಇಳಿದಷ್ಟು ಕೆಳಗ ನನ್ನ ದನಿ ಇಳಿಯಂಗಿಲ್ಲ. ಏನರ ಆಗ್ಲಿ ಅಂತ ತಂತಿ ಹಿಡಕೊಂಡು ಮ್ಯಾಲ ಎತ್ತಿಬಿಟ್ಟೆ.

ಶಾಂತಕ್ಕನೂ ಸೂರಿನ್ಯಾಗ ಕೂಡಿದ್ಲು, ಕೆಳಗ. ಆಕಿಯ 'ಸಾ' ಸ್ವರ ನನ್ನ ಕೆಳಗಿನ 'ಪಾ' ಸ್ವರದ ಮ್ಯಾಲ ಬಂದು ಕುಂತಿತ್ತು. ಕಾಶಿ ಯಾರ ಕಡೆ ಹೋಗಬೇಕು ತಿಳೀಲಾರದ ನಡುವ ಓಲ್ಯಾಡಿದ್ಲು. ಮತ್ತ ಆ ತಗಡಿನ ಶೆಡ್ಡು, ಏನ್ ಹೇಳ್ಲಿ ನಿಮಗ, ಆ ಶೆಡ್ಡು ತುಂಬ್ತು! ಮೂರು ಮಂದಿ ಅಲ್ಲ, ಒಂದು ಓಣಿ ಮಂದಿ ಹಾಡಿಧಂಗ ಆತು. ನನ್ನ ಕೈಮ್ಯಾಲಿನ ಕೂದಲಾ ನಿಂತೂ. ತೆಲುಗು ಹೆಣಮಕ್ಕಳು ಕೆಲವರು ತಲಿಮ್ಯಾಲಿನ ಬುಟ್ಟಿ ಇಳಿಸಿ ಚಪ್ಪಾಳಿ ಹೊಡೀಲಿಕ್ಕೆ ಹತ್ತಿದ್ರು. ಅವರಿಗೆ ಪದದ ಒಂದು ಮಾತೂ ತಿಳಿಯಂಗಿಲ್ಲ. ಸೂರು ಬಂದಾಗೊಮ್ಮೆ "ಗೀ, ಗೀ!" ಅಂತ ಚೀರ್ತಾರ, ಮತ್ತ ಬೇಕಂತ ಕೈ ಮಾಡ್ತಾರ.

ಮಾಸ್ತರು ಅವರ ಕಡೆ ತಿರಗಿ "ಪದಾ ಕೇಳ್ರೆವಾ, ಪದಾ! ಅರ್ಥ ಐತಿ ಅದರಾಗ!" ಅಂತ ಒದರಿದ್ರು. ಯಾರಿಗೆ ಬೇಕಾಗಿತ್ತು ಅರ್ಥ! ಮುಗಿದ ಮ್ಯಾಲ ನಮ್ಮ ಮ್ಯಾಲ ಹರಿಹಾಯ್ದರು.

"ಏನಿದು? ಒಬ್ಬಾಕಿ ಬಾವ್ಯಾಗ, ಒಬ್ಬಾಕಿ ಮಾಳಗಿಮ್ಯಾಲ! ಮೇಳಂದ್ರ ಒಂದೇ ಬಾಯಿ ಅಂತ ಎಷ್ಟ ಸಲ ಬಡಕೊಳ್ಳಿ?"

"ಮಾಸ್ತರ್ರ, ಮಂದಿಗೆ ಸೇರೇತ್ರಿ" ಅಂದೆ.

"ಅವರಿಗೆ ಕನ್ನಡ ಬರಂಗಿಲ್ಲ, ಅದಕ ಸೇರೈತಿ!"

ಈ ಮಾತಿಗೆ ಕಾಶಿ ಖೊಳ್ ಅಂತ ನಕ್ಕು ಇನ್ನೊಂದು ಸುತ್ತು ಬೈಸಿಕೊಂಡ್ಲು.

ಆದರ ನಾವು ಮೂವರೂ ರುಚಿ ಕಂಡಿದ್ವಿ, ಬಿಡಾಕ ಮನಸ್ಸಾಗಲಿಲ್ಲ. ಕೆರಿ ದಂಡಿಮ್ಯಾಲ ಅರಬಿ ಒಗಿಯೂವಾಗ, ಜ್ವಾಳ ಹಸನ ಮಾಡೂವಾಗ, ಬಸ್ಸಿಗೆ ಕಾಯೂವಾಗ, ಎಲ್ಲೆ ಮಾಸ್ತರು ಇಲ್ಲೋ ಅಲ್ಲೆ ಹಾಡಿದ್ದ ಹಾಡಿದ್ದು. ಹುಡುಗ್ಯಾರಾ, ಇದು ಸಸಾರಲ್ಲ. ಕೂಡಿ ಒಂದೇ ದನಿ ಹಾಡೂದು ಇದಕ್ಕಿಂತ ಹಗುರ. ಇಲ್ಲಿ ಪಕ್ಕದಾಕಿಯದು ಕಿವಿ ಕೊಟ್ಟು ಕೇಳಬೇಕು, ಆದರ ಆಕಿ ಹಿಂದ ಹೋಗಬಾರದು. ಕಾಶಿ ಅಂತೂ ಯಾರ ಹತ್ತರ ನಿಂತ್ಲೋ ಅವರ ದನಿಯಾಗ ಜಾರಿ ಬೀಳ್ತಿದ್ಲು. ಕಡೀಕ ಒಂದು ಕಿವಿಯಾಗ ಬೆರಳಿಟ್ಟು ಹಾಡು ಅಂದ್ವಿ, ಆವಾಗ ನಿಂತ್ಲು. ಒಂದಿನ ಆಕಿ ನನ್ನ ಹೆರಳು ಹಾಕೋತ ಕುಂತಾಕಿ ತಟ್ಟನ ಅಂದ್ಲು, "ಏ, ನಾವು ಹಾಡೂದೂ ಹಿಂಗ ಅಲ್ಲೇನು? ಮೂರೆಳಿ. ಒಮ್ಮೆ ಇದು ಮ್ಯಾಲ, ಒಮ್ಮೆ ಅದು ಮ್ಯಾಲ, ಆದರ ಹೆರಳು ಒಂದ." ಅವತ್ತಿನಿಂದ ನಮ್ಮ ಹಾಡಿಗೆ ಮೂರೆಳಿ ಸೂರು ಅಂತ ಹೆಸರಾತು.

ಮುದ್ದೇಬಿಹಾಳದಾಗ ಹುರುಪಿನೊಳಗ ಮಾಸ್ತರಿಗೆ ಹೇಳಲಾರದ ಮೂರೆಳಿ ಹಚ್ಚಿದ್ವಿ. ಬಿಸಲಿಗೆ ದಪ್ಪು ತಾನ ಬಿಗದು ನಡುವ ಏರಿಬಿಟ್ಟಿತು. ಶಾಂತಕ್ಕ ಅದರ ಜೋಡಿ ಏರಾಕ ಹೋದ್ಲು, ನಾ ಇದ್ದಲ್ಲೆ ಇದ್ದೆ, ಕಾಶಿ ಬೆರಳು ಯಾವ ಕಿವಿಯಾಗ ಇಡಬೇಕು ತಿಳೀದ ಎರಡರಾಗೂ ಇಟಗೊಂಡ್ಲು! ತಾಳ ಕೆಳಗ ಬಿತ್ತು. ಸತ್ಯಾನಾಶ. "ಏನವಾ, ಮೂರೂ ಮಂದಿ ಜಗಳಾ ಆಡಿ ಬಂದೀರೇನು?" ಅಂತ ಮುಂದ ಕುಂತ ಗೌಡರು ಕೇಳಿದ್ರು. ಮಾಸ್ತರು ಬೈಲಿಲ್ಲ. ಧೋತರ ಝಾಡಿಸಿಕೊಂಡು ಎದ್ದು, "ಸಿಂದಗಿ ಒಂದ ಉಳೀತು" ಅಂದ್ರು. ಅಷ್ಟ.

ಸಿಂದಗಿಯದು ಸಾದಾ ಹಾಡಿಕಿ ಅಲ್ಲ, ಸವಾಲ್ ಜವಾಬಿನದು. ಗಂಡಸರದು ಹರದೇಶಿ ಮೇಳ, ನಮ್ಮದು ನಾಗೇಶಿ. ಅವರು ಗಂಡು ದೊಡ್ಡದಂತ ಹಾಡಬೇಕು, ನಾವು ಹೆಣ್ಣು ದೊಡ್ಡದಂತ. ಎದುರಿಗೆ ಸಿದ್ರಾಮಪ್ಪನ ಮೇಳ. ಸಿದ್ರಾಮಪ್ಪ ಆಳೆತ್ತರದ ಮನಷಾ, ಹುರಿಮೀಸಿ, ನಾಲಿಗಿ ಅಂದ್ರ ಕತ್ತರಿ. ಅಡತಿ ಅಂಗಡಿಗಳ ಮುಂದಿನ ಬಯಲಾಗ ಮುಂಜಾನೆ ಶುರು ಆತು. ಜ್ವಾಳದ ಚೀಲದ ಥಪ್ಪಿಮ್ಯಾಲ ಸುದ್ದಾ ಮಂದಿ ಹತ್ತಿ ಕುಂತಿದ್ರು.

ಸಿದ್ರಾಮಪ್ಪ ದಪ್ಪು ಕಾಸಿ ಮುಗಿಲಿಗೆ ಏರಿಸಿ ಸವಾಲ್ ಒಗದ:

"ಬೀಜ ದೊಡ್ಡದೋ ನೆಲ ದೊಡ್ಡದೋ ಬಿಡಿಸಿ ಹೇಳಬೇಕ,
ಬೀಜ ಇಲ್ಲದ ನೆಲ ಏನ ಕೊಟ್ಟೀತ ತಂಗಿ ನಾಳೀಕ?"

ಮಂದಿ ಹೋ ಅಂತು. ಮಾಸ್ತರು ನಮ್ಮ ದಪ್ಪು ಅವರದಕ್ಕಿಂತ ಒಂದು ಕೈ ಹೆಚ್ಚು ಕಾಸಿ ಶಾಂತಕ್ಕನ ಕೈಯಾಗ ಕೊಟ್ರು. ಟಣ್ ಟಣ್ ಅಂತಿತ್ತು. ಶಾಂತಕ್ಕ ದನಿ ತಗದ್ಲು. ಮೊದಲನೇ ಸಾಲಿನ್ಯಾಗ ಅದು ಟಿಸಿಲೊಡೀತು.

"ಯಾಕ ಶಾಂತವ್ವ, ಹರದದ್ದು ದಪ್ಪೋ ಗಂಟಲೋ?" ಅಂದ ಸಿದ್ರಾಮಪ್ಪ. ಬಯಲೆಲ್ಲಾ ನಗೂ. ಮಾಸ್ತರು ನನ್ನ ಕಡೆ ನೋಡಿದ್ರು, ನೀ ಮುಂದ ಬಾ ಅಂತ ಗೋಣು ಹಾಕಿದ್ರು. ನನ್ನ ಕಾಲು ಕಿತ್ತು ಇಡಲಿಲ್ಲ ನಾ.

ಆವಾಗ ಶಾಂತಕ್ಕ ಒಂದು ಕೆಲಸ ಮಾಡಿದ್ಲು ನೋಡ್ರಿ, ಅಂಥಾದ್ದು ನಾ ಹಿಂದೂ ನೋಡಿರಲಿಲ್ಲ, ಮುಂದೂ ನೋಡಲಿಲ್ಲ. ಪಕ್ಕದಾಗ ಕುಡ್ಯಾಕ ಇಟ್ಟಿದ್ದ ತಂಬಿಗಿಯಾಗ ಕೈ ಅದ್ದಿದ್ಲು. ಅದ್ದಿ, ಕಾಸಿ ಕಾಸಿ ಬಿಗಿ ಮಾಡಿದ ಆ ದಪ್ಪಿಗೆ ನೀರು ಸವರಿದ್ಲು! ಕೂಡಿದ ಮಂದೀದೆಲ್ಲಾ ಉಸರು ನಿಂತಿತು. ದಪ್ಪಿಗೆ ಬೆಂಕಿ ತೋರಿಸವರು ಎಲ್ಲಾರೂ, ನೀರು ತೋರಿಸವರು ಯಾರು? "ಅಯ್ಯಯ್ಯ, ಹುಚ್ಚ ಹಿಡೀತೇನು ಈಕಿಗೆ!" ಅಂತ ಮಾಸ್ತರು ಎದ್ದು ನಿಂತ್ರು. ಶಾಂತಕ್ಕ ಯಾರ ಕಡೀನೂ ನೋಡಲಿಲ್ಲ. ಅಂಗೈಲೆ ಮತ್ತೊಮ್ಮೆ ಸವರಿದ್ಲು, ಬೆರಳಿಲೆ ಬಡದು ನೋಡಿದ್ಲು. ಗುಂ ಅಂತು. ತನ್ನ ದನಿ ಎಲ್ಲಿತ್ತೋ ದಪ್ಪನ್ನ ಅಲ್ಲಿಗೆ ಇಳಿಸಿಕೊಂಡಿದ್ಲು. ನನ್ನ ಕಡೆ ತಿರಗಿ, "ನೀಲಾ, ನೀ ಇಳೀಬ್ಯಾಡ" ಅಂದ್ಲು.

"ಬೀಜ ಬಿದ್ದದ್ದು ಯಾರ ಉಡಿಯಾಗ ಕೇಳಿಕೊ ಅಣ್ಣಾ,
ನೆಲದ ತಾಯಿ ಹಿಡೀದಿದ್ರ ಗಾಳಿಗೆ ಹಾರೂ ಮಣ್ಣ!"

ಆ ದಪ್ಪ ದನಿಯಾಗ ಆಕಿ ಇದನ್ನ ಅಂದಾಗ ನೆಲಾನ ಮಾತಾಡಿಧಂಗ ಆತು. ಬೆನ್ನ ಇಳೀತು. ನಾ ಮ್ಯಾಲ ಎತ್ತಿದೆ, ಕಾಶಿ ನಡುವ ನಿಂತ್ಲು, ಶಾಂತಕ್ಕ ಕೆಳಗ ಉಳಿದ್ಲು. "ಗೀಯ ಗಾ ಗೀಯ ಗಾ..." ಒಂದು ಕೂದಲೂ ಆಚೆ ಈಚೆ ಇಲ್ಲ! ಗಿಡದಾಗಿನ ಕರ್ಣಿ ಒಬ್ಬರದಲ್ಲ, ಮೂವರದೂ ಕೇಳಸ್ತಿತ್ತು. ಚೀಲದ ಥಪ್ಪಿಮ್ಯಾಲ ಕುಂತವರು ಎದ್ದು ನಿಂತ್ರು. ಮೈಕಿನವನು ಬಾಯಿ ತಕ್ಕೊಂಡು ನೋಡಾಕತ್ತಿದ್ದ. ನನಗ ಖುಷಿಗೆ ಕುಣೀಬೇಕು ಅನ್ನಸ್ತಿತ್ತು, ಅಳೂ ಬರ್ತಿತ್ತು, ಎರಡೂ ಮಾಡಿದ್ರ ಸೂರು ತಪ್ಪತೈತಿ ಅಂತ ಹಲ್ಲ ಕಚ್ಚಿ ನಿಂತಿದ್ದೆ.

ಈಗ ಸಿದ್ರಾಮಪ್ಪ ಜವಾಬು ಕೊಡಬೇಕು. ಎದ್ದ. ದಪ್ಪು ಎತ್ತಿದ. ನಾವು ತಯಾರಾಗಿ ನಿಂತ್ವಿ. ಅಂವ ದಪ್ಪು ತನ್ನ ಹುಡುಗರ ಕೈಯಾಗ ಕೊಟ್ಟು, ಬಯಲು ದಾಟಿ ನಮ್ಮ ಕಡೆ ಬಂದ. ಏನು ಜಗಳಾ ತಗೀತಾನೋ ಅಂತ ಕಾಶಿ ನನ್ನ ಸೆರಗು ಹಿಡದ್ಲು. ಬಂದಂವ ಶಾಂತಕ್ಕನ ಹಿಂದ, ನನ್ನ ಪಕ್ಕದಾಗ ನಿಂತ. "ಅಕ್ಕಾ, ಮತ್ತೊಮ್ಮೆ ಅನ್ನು" ಅಂದ. ಶಾಂತಕ್ಕ ನುಡಿ ಹೇಳಿದ್ಲು. ಸಿದ್ರಾಮಪ್ಪ ಆಕಿಗಿಂತಲೂ ಕೆಳಗ, ಎದಿಯೊಳಗಿಂದ, ಗೀಯ ಗಾ ಅಂತ ಸೂರು ಹಿಡದ. ಹರದೇಶಿಯವ ನಾಗೇಶಿಗೆ ಸೂರು ಹಿಡದದ್ದು! ಮಂದಿ ತಲಿಮ್ಯಾಲಿನ ಪಟಕಾ ತಗದು ಹಾರಿಸಿದ್ರು, ಶಿಳ್ಳಿ ಹೊಡದ್ರು, ಆ ಗದ್ದಲದಾಗ ನಾವು ನಾಕೂ ಮಂದಿ ಮತ್ತ ಮತ್ತ ಅದನ್ನ ಹಾಡಿದ್ವಿ.

ಹಾಡಿಕಿ ಮುಗೀತು. ಮಾಸ್ತರು ಇಂಡಿ ಬಸ್ಸು ಹತ್ತಿದ ಮ್ಯಾಲ ಬಾಯಾಗ ಎಲಿ ತುಂಬಿಕೊಂಡು ಕಿಡಕಿ ಹೊರಗ ನೋಡಾಕತ್ತಿದ್ರು. ಶಾಂತಕ್ಕ ಮಡಿಚಿದ ಕೈ ನೋಡ್ಕೋತ ಕುಂತಿದ್ಲು. ಮಾಸ್ತರ ಮಾತಂದ್ರ ಮಾತು. ಸಿಂದಗಿಯೊಳಗ ದನಿ ಏರಿರಲಿಲ್ಲ, ಇಳಿದಿತ್ತು.

ಇಂಡಿಯೊಳಗ ಲಿಂಬಿ ತೋಟದವರು ಕರಸಿದ್ರು. ಹೊಸಾ ಬಾವಿ ಪೂಜಿ. ಮೇಳ ಬಂದ ಕೂಡಲೇ ಮುಂದಿನಾಕಿಗೆ ಮನಿ ಹಿರಿಹೆಣಮಗಳು ಉಡಿ ತುಂಬೂ ರೂಢಿ ಅಲ್ಲಿ. ಗಂಡ ಸತ್ತಾಕಿಗೆ ಯಾರೂ ಉಡಿ ತುಂಬಂಗಿಲ್ಲ ಅನ್ನೂದು ನಿಮಗೂ ಗೊತ್ತದ. ಮೊದಲೆಲ್ಲಾ ಶಾಂತಕ್ಕನ ಬದಲಿ ಆ ಅಕ್ಕಿ ಕಾಯಿ ನನ್ನ ಉಡಿಗೆ ಬೀಳ್ತಿದ್ದೂ. ಆ ಮನಿಯ ಮುದುಕಿ ಅಕ್ಕಿ ಕಾಯಿ ಇಟ್ಟ ಮೊರ ಹಿಡಕೊಂಡು ಬಂದು, "ಮುಂದಿನಾಕಿ ಯಾರವಾ?" ಅಂತ ಕೇಳಿದ್ಲು. ನಾವು ಮೂವರೂ ಮಾಸ್ತರ ಮಾರಿ ನೋಡಿದ್ವಿ.

ಮಾಸ್ತರು ಹೊರಗ ಹೋಗಿ ಎಲಿ ಉಗುಳಿ ಬಂದ್ರು. ಟೋಪಿಗಿ ತಗದು ಕಂಕಳಾಗ ಇಟಗೊಂಡ್ರು. "ಶಾಂತವ್ವ" ಅಂದ್ರು. ಮುದುಕಿ ಶಾಂತಕ್ಕನ ಬರೀ ಹಣಿ ನೋಡಿ ತಡದ್ಲು. "ಮುಂದಿನಾಕಿ ಯಾರಂತ ಕೇಳಿದ್ರಿ, ಹೇಳೇನಿ. ತುಂಬ್ರಿ ತಾಯಿ" ಅಂದ್ರು ಮಾಸ್ತರು, ಜೋರಾಗಿ, ಬಾವಿ ದಂಡಿಗೆ ಕುಂತವರೆಲ್ಲಾ ಕೇಳೂ ಹಂಗ. ಮುದುಕಿ ಅಕ್ಕಿ, ಕಾಯಿ, ಲಿಂಬಿಹಣ್ಣು ಎಲ್ಲಾ ಶಾಂತಕ್ಕನ ಸೆರಗಿನ್ಯಾಗ ಸುರುವಿದ್ಲು.

ಶಾಂತಕ್ಕ ಉಡಿ ಗಟ್ಟಿಯಾಗಿ ಹಿಡಕೊಂಡು ನಿಂತಿದ್ಲು, ಕಣ್ಣಾಗಿನ ನೀರು ಒರಸಾಕ ಕೈ ಖಾಲಿ ಇರಲಿಲ್ಲ. ಮಾಸ್ತರು ದಪ್ಪು ಕಾಸಾಕಂತ ಹುಲ್ಲಿನ ಹೊರಿ ಹತ್ತರ ಹೋದವರು ನಿಂತು, ತಿರಗಿ ಕಾಶಿಗೆ ಅಂದ್ರು: "ಏ ಹುಡುಗಿ, ಒಂದು ತಂಬಿಗಿ ನೀರು ತಗೊಂಡ ಬಾ."